ಟೆಕ್ನಿಷಿಯನ್ ಹೋದ ಮೇಲೆ ಶುರುವಾದ ಕೆಲಸ: ಸ್ಲೋ ಕೇಬಲ್ ನೆಟ್‌ನ ಹಿಂದೆ ಬಿದ್ದ ಕಥೆ

ತೆಗೆದುಕೊಂಡದ್ದು 300 ಎಂಬಿಪಿಎಸ್ ಪ್ಲಾನ್. ಬರುತ್ತಿದ್ದದ್ದು 40, ಕೆಲವೊಮ್ಮೆ 25, ಒಂದೊಂದು ಸಲ ಪುಟವೇ ತೆರೆಯದೆ ಸುಮ್ನೆ ಸುತ್ತುತ್ತಾ ಕೂತಿರುತ್ತಿತ್ತು. ಅಪ್‌ಲೋಡ್ ಬಗ್ಗೆ ಕೇಳಲೇಬೇಡಿ. ವಿಡಿಯೋ ಕಾಲ್‌ನಲ್ಲಿ ನನಗೆ ಎಲ್ಲರ ಮಾತೂ ಕೇಳಿಸುತ್ತಿತ್ತು, ನನ್ನ ಮಾತು ಮಾತ್ರ ಯಾರಿಗೂ ಸರಿಯಾಗಿ ಹೋಗುತ್ತಿರಲಿಲ್ಲ. ಟೆಕ್ನಿಷಿಯನ್ ಬಂದು ಗೋಡೆಯ ಸಾಕೆಟ್‌ಗೆ ಮೋಡೆಮ್ ಜೋಡಿಸಿ, ಲೈಟು ಹಸಿರಾದದ್ದನ್ನು ತೋರಿಸಿ, 'ಬರ್ತಾ ಇದೆ ಸರ್, ಒಂದೆರಡು ದಿನದಲ್ಲಿ ಸೆಟ್ ಆಗುತ್ತೆ' ಅಂತ ಹೇಳಿ ಸಹಿ ಹಾಕಿಸಿಕೊಂಡು ಹೋಗಿದ್ದರು.

ಈ 'ಸೆಟ್ ಆಗುತ್ತೆ' ಅನ್ನುವ ಮಾತನ್ನು ನಂಬಬೇಡಿ. ಕೇಬಲ್ ಮೋಡೆಮ್ ದಿನಗಟ್ಟಲೆ ಪಳಗುವ ವಸ್ತು ಅಲ್ಲ. ಆನ್ ಆದ ಕೆಲವೇ ನಿಮಿಷದಲ್ಲಿ ಅದು ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸುತ್ತದೆ. ಡೌನ್‌ಸ್ಟ್ರೀಮ್, ಅಂದರೆ ಕಂಪನಿಯಿಂದ ಮನೆಗೆ ಬರುವ ದಾರಿಯ ಚಾನೆಲ್ ಹುಡುಕಿ ಹಿಡಿಯುತ್ತದೆ, ವಾಪಸ್ ಕಳಿಸುವಾಗ ಎಷ್ಟು ಪವರ್ ಹಾಕಬೇಕು ಅಂತ ಕಂಪನಿ ಕಡೆಯ ಯಂತ್ರದ ಜೊತೆ ಹೊಂದಿಸಿಕೊಳ್ಳುತ್ತದೆ, ಐಪಿ ವಿಳಾಸ ಪಡೆಯುತ್ತದೆ, ಆಮೇಲೆ ಕಂಪನಿಯ ಸರ್ವರ್‌ನಿಂದ ಒಂದು ಕಾನ್ಫಿಗ್ ಫೈಲ್ ಇಳಿಸಿಕೊಳ್ಳುತ್ತದೆ. ನಿಮ್ಮ ಪ್ಲಾನ್ 100 ಎಂಬಿಪಿಎಸ್ಸೋ 300 ಎಂಬಿಪಿಎಸ್ಸೋ ಅನ್ನುವುದು ಆ ಫೈಲ್‌ನಲ್ಲೇ ಇರುತ್ತದೆ. ಅಷ್ಟಾದ ಮೇಲೂ ಸ್ಲೋ ಇದ್ದರೆ ಎಲ್ಲೋ ಏನೋ ಕೆಟ್ಟಿದೆ ಅಂತಲೇ ಅರ್ಥ. ಕಾದರೆ ಸರಿಹೋಗುವುದಿಲ್ಲ.

ಮೊದಲು ವೈಫೈಯನ್ನು ಲೆಕ್ಕದಿಂದ ತೆಗೆದೆ. ಬೇಸರದ ಕೆಲಸ, ಆದರೆ ಇದನ್ನು ಮಾಡದೆ ಮುಂದಿನದೆಲ್ಲ ದಂಡ. ಫೋನ್ ಹಿಡಿದುಕೊಂಡು ಮನೆಯೆಲ್ಲ ಓಡಾಡಿ ಸ್ಪೀಡ್ ಟೆಸ್ಟ್ ಮಾಡಿದರೆ ಕೋಣೆಗೊಂದು ಅಂಕಿ ಬರುತ್ತದೆ. ಅದರಲ್ಲಿ ಗೋಡೆಯ ಪಾಲೆಷ್ಟು, ಪಕ್ಕದ ಮನೆಯ ವೈಫೈ ಪಾಲೆಷ್ಟು, ಲೈನಿನ ಪಾಲೆಷ್ಟು ಅಂತ ಬಿಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ರೂಟರ್ ಬಿಚ್ಚಿ ಪಕ್ಕಕ್ಕಿಟ್ಟು, ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಮೋಡೆಮ್‌ನಿಂದ ನೇರವಾಗಿ ಲ್ಯಾನ್ ಕೇಬಲ್ ಎಳೆದೆ. ಇಲ್ಲೊಂದು ವಿಷಯ ಗೊತ್ತಿರಲಿ. ಕೇಬಲ್ ಮೋಡೆಮ್‌ಗಳು ಆನ್ ಆದ ಮೇಲೆ ಮೊದಲು ಕಂಡ ಸಾಧನದ ಮ್ಯಾಕ್ ವಿಳಾಸವನ್ನೇ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಹಿಡಿದುಕೊಂಡು ಕೂರುವುದು ಮಾಮೂಲು. ರೂಟರ್ ತೆಗೆದು ಲ್ಯಾಪ್‌ಟಾಪ್ ಚುಚ್ಚಿದಾಗ ನೆಟ್ಟೇ ಬರಲಿಲ್ಲ ಅಂದರೆ ಗಾಬರಿ ಬೇಡ, ಮೋಡೆಮ್‌ನ ಪವರ್ ತೆಗೆದು ಮತ್ತೆ ಹಾಕಿದರೆ ಹೊಸ ಸಾಧನವನ್ನು ಒಪ್ಪಿಕೊಳ್ಳುತ್ತದೆ.

ನೇರ ಕೇಬಲ್‌ನಲ್ಲೂ 38. ಅಂದರೆ ವೈಫೈ ನಿರಪರಾಧಿ, ರೂಟರ್ ಕೂಡ. ಮನೆಯವರು ಮಾತ್ರ 'ಡೌನ್‌ಲೋಡ್ ಮಾಡುವಾಗ ಬರೀ 4 ತೋರಿಸುತ್ತೆ, ನೀನು 38 ಅಂತೀಯ' ಅಂತ ಜಗಳಕ್ಕೇ ಬಂದಿದ್ದರು. ಎರಡೂ ಸರಿಯೇ. ಕಂಪನಿಗಳು ಹೇಳುವುದು ಮೆಗಾಬಿಟ್, ಡೌನ್‌ಲೋಡ್ ಕಿಟಕಿ ತೋರಿಸುವುದು ಮೆಗಾಬೈಟ್, ಒಂದು ಬೈಟ್‌ಗೆ 8 ಬಿಟ್. 300ರ ಪ್ಲಾನ್ ಪೂರ್ತಿ ಬಂದರೂ ಆ ಕಿಟಕಿಯಲ್ಲಿ ಕಾಣುವುದು ಹೆಚ್ಚೆಂದರೆ 37 ಚಿಲ್ಲರೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ನಡೆದದ್ದು ಹೀಗೆ.

'ಸರ್, ನಮ್ಮ ಕಡೆ ಮೋಡೆಮ್ ಆನ್‌ಲೈನ್ ತೋರಿಸ್ತಾ ಇದೆ.'

'ಆನ್‌ಲೈನ್ ಇದೆ ಮೇಡಂ, ಆದರೆ ಸ್ಲೋ ಇದೆ.'

'ಒಂದ್ಸಲ ರೀಸ್ಟಾರ್ಟ್ ಮಾಡ್ತೀರಾ ಸರ್?'

ಮಾಡಿದೆ. ಮಾಡಿದ ಐದು ನಿಮಿಷ ಚೆನ್ನಾಗಿಯೇ ಇತ್ತು, ಆಮೇಲೆ ಮತ್ತೆ ಅದೇ ರಾಗ. ಅವರದ್ದೂ ತಪ್ಪಲ್ಲ ಬಿಡಿ, ಎದುರಿಗಿರುವ ಸ್ಕ್ರಿಪ್ಟ್ ಓದಬೇಕು. ನಾನು 'ಸ್ಲೋ' ಅಂದರೆ ಅವರ ಹತ್ತಿರ ಅದಕ್ಕೆ ಉತ್ತರ 'ರೀಸ್ಟಾರ್ಟ್' ಒಂದೇ. ಆ ಮಾತುಕತೆಯನ್ನು ಸ್ಕ್ರಿಪ್ಟ್‌ನಿಂದ ಆಚೆ ತರಬೇಕಾದರೆ ಕೈಯಲ್ಲಿ ಬೇರೆ ಥರದ ಅಂಕಿಗಳು ಇರಬೇಕು. ಸ್ಪೀಡ್ ಟೆಸ್ಟ್ ಅಂಥ ಅಂಕಿ ಅಲ್ಲ. ಅದು ಕಾಯಿಲೆ ಇದೆ ಅಂತ ಹೇಳುತ್ತದೆ, ಎಲ್ಲಿದೆ ಅಂತ ಹೇಳುವುದಿಲ್ಲ.

ಎಲ್ಲಿದೆ ಅಂತ ಹೇಳುವುದು ಮೋಡೆಮ್‌ನ ಒಳಗಿನ ಪುಟ. ಬ್ರೌಸರ್‌ನಲ್ಲಿ 192.168.100.1 ಅಂತ ಹೊಡೆದರೆ ಬಹುತೇಕ ಕೇಬಲ್ ಮೋಡೆಮ್‌ಗಳು ಬಾಗಿಲು ತೆರೆಯುತ್ತವೆ. ಕೆಲವು ಕಡೆ ಪಾಸ್‌ವರ್ಡ್ ಕೇಳುತ್ತದೆ, ಅದು ಮೋಡೆಮ್‌ನ ಕೆಳಗಡೆ ಸ್ಟಿಕ್ಕರ್ ಮೇಲೆ ಇರುತ್ತದೆ. ಒಳಗೆ 'ಸ್ಟೇಟಸ್' ಅಥವಾ 'ಕನೆಕ್ಷನ್' ಅನ್ನುವ ಪುಟದಲ್ಲಿ ಎರಡು ಪಟ್ಟಿ ಸಿಗುತ್ತವೆ, ಒಂದು ಡೌನ್‌ಸ್ಟ್ರೀಮ್, ಇನ್ನೊಂದು ಅಪ್‌ಸ್ಟ್ರೀಮ್, ಅಂದರೆ ಮನೆಯಿಂದ ಕಂಪನಿಗೆ ಹೋಗುವ ದಾರಿ. ನೋಡಿದ ತಕ್ಷಣ ತಲೆ ತಿರುಗುವಷ್ಟು ಸಾಲುಗಳು. ಹೆದರಬೇಡಿ, ನೋಡಬೇಕಾದ ಕಾಲಂ ನಾಲ್ಕೈದು ಅಷ್ಟೇ.

ಇಷ್ಟೊಂದು ಸಾಲು ಯಾಕೆ ಅಂದರೆ, ಕೇಬಲ್ ಇಂಟರ್ನೆಟ್ ಓಡುವುದು ಟಿವಿ ಚಾನೆಲ್‌ಗಳಿಗೆ ಅಂತ ಹಾಕಿದ ತಂತಿಯಲ್ಲೇ, ಅದೇ ಥರದ ಚಾನೆಲ್‌ಗಳಲ್ಲೇ. ಇದರ ನಿಯಮಗಳ ಹೆಸರು ಡಾಕ್ಸಿಸ್, ಮೊದಲ ಆವೃತ್ತಿ ಬಂದದ್ದು 1997ರಲ್ಲಿ. ಆಗ ಒಂದು ಮೋಡೆಮ್‌ಗೆ ಒಂದೇ ಚಾನೆಲ್. 2006ರ ಡಾಕ್ಸಿಸ್ 3.0ರಲ್ಲಿ ಹಲವು ಚಾನೆಲ್‌ಗಳನ್ನು ಒಟ್ಟಿಗೆ ಕಟ್ಟಿ ಬಳಸುವ ಬಾಂಡಿಂಗ್ ಬಂತು. 6 ಮೆಗಾಹರ್ಟ್ಜ್ ಅಗಲದ ಒಂದು ಡೌನ್‌ಸ್ಟ್ರೀಮ್ ಚಾನೆಲ್ 256 ಕ್ವಾಮ್ ಅನ್ನುವ, ಡೇಟಾವನ್ನು ಸಿಗ್ನಲ್‌ಗೆ ಏರಿಸುವ ವಿಧಾನದಲ್ಲಿ ಸುಮಾರು 38 ಎಂಬಿಪಿಎಸ್ ಕೊಡುತ್ತದೆ. ನನ್ನದು 3.0 ಮೋಡೆಮ್, 24 ಚಾನೆಲ್ ಹಿಡಿಯುವಂಥದ್ದು. ಎಲ್ಲವೂ ಸರಿ ಇದ್ದರೆ 300ಕ್ಕೆ ಬೇಕಾದಷ್ಟಕ್ಕಿಂತ ಎಷ್ಟೋ ಜಾಸ್ತಿ ಜಾಗ ಇದೆ.

ಸರಿ ಇರಲಿಲ್ಲ. ಡೌನ್‌ಸ್ಟ್ರೀಮ್ ಪವರ್ ಕಾಲಂನಲ್ಲಿ ಎಲ್ಲ ಸಾಲಿನಲ್ಲೂ ಮೈನಸ್ 11, ಮೈನಸ್ 12, ಮೈನಸ್ 13 ಡಿಬಿಎಂವಿ (ಸಿಗ್ನಲ್‌ನ ಬಲ ಅಳೆಯುವ ಮಾನ). ನಿಯಮದ ಪ್ರಕಾರ ಮೈನಸ್ 15ರಿಂದ ಪ್ಲಸ್ 15ರವರೆಗೆ ಮೋಡೆಮ್ ಕೆಲಸ ಮಾಡಬೇಕು, ಆದರೆ ಅನುಭವ ಇರುವ ಟೆಕ್ನಿಷಿಯನ್‌ಗಳು ಸೊನ್ನೆಯ ಆಚೀಚೆ 7ರ ಒಳಗೆ ಇದ್ದರೆ ಮಾತ್ರ ತೃಪ್ತಿಪಡುತ್ತಾರೆ. ಎಸ್‌ಎನ್‌ಆರ್, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವ ಅಂಕಿ, 33ಕ್ಕಿಂತ ಮೇಲಿದ್ದರೆ ನೆಮ್ಮದಿ. ನನ್ನ ಪಟ್ಟಿಯ ಮಧ್ಯದ ಕೆಲವು ಸಾಲಿನಲ್ಲಿ 30, 31. ಪಕ್ಕದಲ್ಲಿ 'ಅನ್‌ಕರೆಕ್ಟಬಲ್' ಅಂತ ಒಂದು ಕಾಲಂ. ಡೇಟಾದಲ್ಲಿ ಆದ ಸಣ್ಣಪುಟ್ಟ ತಪ್ಪನ್ನು ಮೋಡೆಮ್ ತಾನೇ ತಿದ್ದಿಕೊಳ್ಳುತ್ತದೆ, ಅದು 'ಕರೆಕ್ಟೆಡ್' ಕಾಲಂಗೆ ಹೋಗುತ್ತದೆ. ತಿದ್ದಲಾಗದೆ ಎಸೆದದ್ದು ಈ ಅನ್‌ಕರೆಕ್ಟಬಲ್. ಅಲ್ಲಿ ಲಕ್ಷದ ಲೆಕ್ಕದಲ್ಲಿ ಅಂಕಿ ಇತ್ತು, ಅದಕ್ಕಿಂತ ಮುಖ್ಯವಾಗಿ ಪುಟ ರಿಫ್ರೆಶ್ ಮಾಡಿದಾಗಲೆಲ್ಲ ಏರುತ್ತಿತ್ತು. ಒಟ್ಟು ಎಷ್ಟು ಅನ್ನುವುದಕ್ಕಿಂತ ಏರುತ್ತಿದೆಯೇ ಅನ್ನುವುದನ್ನು ನೋಡಿ. ಹಳೆಯದೊಂದು ಗಳಿಗೆಯ ತೊಂದರೆ ಕೂಡ ದೊಡ್ಡ ಮೊತ್ತ ಬಿಟ್ಟುಹೋಗಿರಬಹುದು.

ನಿಜವಾದ ಕಥೆ ಇದ್ದದ್ದು ಅಪ್‌ಸ್ಟ್ರೀಮ್ ಪಟ್ಟಿಯಲ್ಲಿ. ನಾಲ್ಕು ಚಾನೆಲ್ ಇರಬೇಕಾದ ಕಡೆ ಒಂದೇ ಲಾಕ್ ಆಗಿತ್ತು, ಅದರ ಪವರ್ 51.5 ಡಿಬಿಎಂವಿ. ಇಲ್ಲಿ ಜನ ಎಡವುತ್ತಾರೆ. ಪವರ್ ಜಾಸ್ತಿ ಇದೆ, ಒಳ್ಳೆಯದೇ ಅಲ್ವಾ ಅನಿಸುತ್ತದೆ. ಅಲ್ಲ. ಡೌನ್‌ಸ್ಟ್ರೀಮ್ ಅಂಕಿ ಮೋಡೆಮ್‌ಗೆ ಎಷ್ಟು ಬಂದು ಮುಟ್ಟಿತು ಅನ್ನುವುದು, ಅಪ್‌ಸ್ಟ್ರೀಮ್ ಅಂಕಿ ಮೋಡೆಮ್ ಎಷ್ಟು ಜೋರಾಗಿ ಕಳಿಸಬೇಕಾಗಿ ಬಂತು ಅನ್ನುವುದು. ಆ ಕಡೆಯವರಿಗೆ ಕೇಳಿಸದಿದ್ದಾಗ ದನಿ ಏರಿಸಿ ಕೂಗುವ ಹಾಗೆ, ದಾರಿಯಲ್ಲಿ ಸಿಗ್ನಲ್ ಸೋರಿದಷ್ಟೂ ಮೋಡೆಮ್ ಪವರ್ ಏರಿಸುತ್ತಾ ಹೋಗುತ್ತದೆ. 40ರ ಆಸುಪಾಸು ಆರಾಮ. 50 ದಾಟಿತು ಅಂದರೆ ಕೂಗಿ ಕೂಗಿ ಗಂಟಲು ಮಿತಿ ಮುಟ್ಟಿದೆ ಅಂತ. ಬಾಂಡಿಂಗ್‌ನಲ್ಲಿ ಇನ್ನೊಂದು ತೊಡಕು, ಜಾಸ್ತಿ ಚಾನೆಲ್‌ನಲ್ಲಿ ಒಟ್ಟಿಗೆ ಕಳಿಸುವಾಗ ಪ್ರತಿ ಚಾನೆಲ್‌ಗೆ ಸಿಗುವ ಗರಿಷ್ಠ ಪವರ್ ಕಡಿಮೆಯಾಗುತ್ತದೆ, ಹಾಗಾಗಿ ಉಳಿದ ಮೂರನ್ನು ಬಿಟ್ಟು ಅದು ಒಂದರಲ್ಲೇ ಹೇಗೋ ಉಸಿರು ಹಿಡಿದುಕೊಂಡಿತ್ತು.

ಡೌನ್‌ಲೋಡ್‌ಗೂ ಅಪ್‌ಸ್ಟ್ರೀಮ್‌ಗೂ ಏನು ಸಂಬಂಧ ಅಂತ ಕೇಳಬಹುದು. ಡೌನ್‌ಲೋಡ್ ಆಗುವಾಗಲೂ 'ಇದು ಬಂತು, ಮುಂದಿನದು ಕಳಿಸು' ಅನ್ನುವ ಸಣ್ಣ ಉತ್ತರಗಳು ನಮ್ಮ ಕಡೆಯಿಂದ ಹೋಗುತ್ತಲೇ ಇರಬೇಕು. ಅವು ತಡವಾದರೆ ಆ ಕಡೆಯ ಸರ್ವರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ಅಪ್‌ಲೋಡ್ ದಾರಿ ಕೆಟ್ಟರೆ ಡೌನ್‌ಲೋಡ್ ಕೂಡ ಕೆಡುತ್ತದೆ.

ಅದೇ ಪುಟದಲ್ಲಿ ಈವೆಂಟ್ ಲಾಗ್ ಅಂತ ಇನ್ನೊಂದಿದೆ, ಅದನ್ನೂ ನೋಡಿದೆ. ಸಾಲುಸಾಲು ಟಿ3 ಟೈಮ್‌ಔಟ್, ಮಧ್ಯೆ ಮಧ್ಯೆ ಟಿ4. ಟಿ3 ಅಂದರೆ ಮೋಡೆಮ್ ಕಂಪನಿ ಕಡೆಯ ಯಂತ್ರವನ್ನು ಮಾತಾಡಿಸಿತು, ಉತ್ತರ ಬರಲಿಲ್ಲ ಅಂತ. ಟಿ4 ಇನ್ನೂ ಕೆಟ್ಟದ್ದು, 30 ಸೆಕೆಂಡ್ ಕಾದರೂ ಮಾತಾಡುವ ಸರದಿಯೇ ಬರಲಿಲ್ಲ ಅಂತ. ಆಮೇಲೆ ಮೋಡೆಮ್ ಎಲ್ಲ ಬಿಟ್ಟು ಮೊದಲಿನಿಂದ ಜೋಡಣೆ ಶುರು ಮಾಡುತ್ತದೆ. ನನ್ನ ಕಾಲ್ ಕಟ್ ಆಗುತ್ತಿದ್ದದ್ದು ಸರಿಯಾಗಿ ಆ ಹೊತ್ತಿನಲ್ಲೇ. ಕೆಲವು ಸಾಲುಗಳ ತಾರೀಕು 1970ರ ಜನವರಿ 1 ಅಂತ ಇತ್ತು. ಅದು ಕೆಟ್ಟದ್ದೇನಲ್ಲ, ಮೋಡೆಮ್‌ಗೆ ಸ್ವಂತ ಗಡಿಯಾರ ಇಲ್ಲ, ನೆಟ್‌ವರ್ಕ್‌ನಿಂದ ಸಮಯ ಸಿಗುವವರೆಗೆ ಆ ತಾರೀಕನ್ನೇ ಬರೆಯುತ್ತದೆ. ಆದರೆ ಅದು ಪದೇ ಪದೇ ಕಾಣಿಸಿದರೆ ಮೋಡೆಮ್ ಪದೇ ಪದೇ ಮರುಹುಟ್ಟು ಪಡೆಯುತ್ತಿದೆ ಅಂತ ಗೊತ್ತಾಗುತ್ತದೆ.

ಎರಡೂ ಪಟ್ಟಿಯ ಫೋಟೋ ತೆಗೆದುಕೊಂಡು ಮತ್ತೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಈ ಸಲ 'ಸ್ಲೋ' ಅನ್ನುವ ಶಬ್ದವನ್ನೇ ಎತ್ತಲಿಲ್ಲ. ಅಪ್‌ಸ್ಟ್ರೀಮ್ 51.5 ಇದೆ, ನಾಲ್ಕರಲ್ಲಿ ಒಂದೇ ಚಾನೆಲ್ ಲಾಕ್ ಆಗಿದೆ, ಲಾಗ್ ತುಂಬಾ ಟಿ3 ಇದೆ, ನಿಮ್ಮ ಸ್ಕ್ರೀನ್‌ನಲ್ಲೂ ಕಾಣಬೇಕು ನೋಡಿ ಅಂದೆ.

'ಒಂದು ನಿಮಿಷ ಸರ್.' ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು. 'ಹೌದು ಸರ್, ಕೆಂಪು ತೋರಿಸ್ತಾ ಇದೆ. ಟೆಕ್ನಿಷಿಯನ್‌ನ ಕಳಿಸಬೇಕು.'

ರೀಸ್ಟಾರ್ಟ್ ಮಾತೇ ಬರಲಿಲ್ಲ. ನನ್ನ ಪ್ಲಾನ್‌ನ ಕಾನ್ಫಿಗ್ ಫೈಲ್ ಸರಿ ಇದೆಯಾ ಅಂತಲೂ ಅವರ ಹತ್ತಿರವೇ ನೋಡಿಸಿದೆ. ಹೊಸ ಕನೆಕ್ಷನ್‌ನಲ್ಲಿ ಬೇರೆ ಪ್ಲಾನ್‌ನ ಫೈಲ್ ಹೋಗಿರುವುದೂ ಉಂಟು, ಅದೊಂದು ಪ್ರಶ್ನೆ ಕೇಳಿಬಿಟ್ಟರೆ ಆ ಅನುಮಾನ ಮುಗಿಯುತ್ತದೆ. ನನ್ನದು ಸರಿಯಾಗಿಯೇ ಇತ್ತು.

ಟೆಕ್ನಿಷಿಯನ್ ಬರಲು ಇನ್ನೂ ದಿನ ಇತ್ತು. ಅಷ್ಟರಲ್ಲಿ ತಂತಿಯ ಹಿಂದೆ ಬಿದ್ದೆ. ಮೋಡೆಮ್‌ನಿಂದ ಗೋಡೆಯ ಸಾಕೆಟ್‌ವರೆಗೆ ಕಣ್ಣಿಗೆ ಕಾಣುತ್ತದೆ. ಸಾಕೆಟ್‌ನ ಹಿಂದೆ ಹೋದದ್ದು ಎಲ್ಲಿಗೆ? ಪ್ಲೇಟ್ ಬಿಚ್ಚಿದರೆ ಒಳಗೆ ಒಂದು ಎರಡು ದಾರಿಯ ಸ್ಪ್ಲಿಟರ್, ಅಂದರೆ ಒಂದು ತಂತಿಯ ಸಿಗ್ನಲ್ಲನ್ನು ಎರಡಕ್ಕೆ ಹಂಚುವ ಡಬ್ಬಿ. ಅದರ ಒಂದು ಕಾಲು ಸಾಕೆಟ್‌ಗೆ, ಇನ್ನೊಂದು ಕಾಲು ಸುಮ್ನೆ ಬಾಯಿ ತೆರೆದುಕೊಂಡು ಕೂತಿದೆ. ಅಲ್ಲಿಂದ ತಂತಿ ಮೇಲೆ ಹೋಗಿ, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಧೂಳು ಹಿಡಿದ ಇನ್ನೊಂದು ಸ್ಪ್ಲಿಟರ್‌ಗೆ ಸೇರುತ್ತಿತ್ತು. ಇದು ನಾಲ್ಕು ದಾರಿಯದ್ದು. ಕೋಣೆಗೊಂದು ಟಿವಿ ಇದ್ದ ಕಾಲದಲ್ಲಿ ಯಾರೋ ಹಾಕಿದ್ದಿರಬೇಕು. ಈಗ ಅದರ ಮೂರು ಬಾಯಿಗೆ ಏನೂ ಇಲ್ಲ, ನಾಲ್ಕನೆಯದರಿಂದ ನನ್ನ ಮೋಡೆಮ್‌ಗೆ. ಇನ್‌ಸ್ಟಾಲ್ ಮಾಡಲು ಬಂದವರು ಗೋಡೆಯ ಸಾಕೆಟ್‌ನಲ್ಲಿ ಸಿಗ್ನಲ್ ಇದೆ ಅಂತ ನೋಡಿ ಅಲ್ಲಿಗೇ ನಿಲ್ಲಿಸಿದ್ದರು.

ಸ್ಪ್ಲಿಟರ್‌ನ ಮೈಮೇಲೆ ಬರೆದದ್ದನ್ನು ಬಟ್ಟೆಯಿಂದ ಒರೆಸಿ ಓದಿ. ನನ್ನದರಲ್ಲಿ 5ರಿಂದ 1000 ಮೆಗಾಹರ್ಟ್ಜ್ ಅಂತಿತ್ತು, ಪ್ರತಿ ಬಾಯಿಯ ಪಕ್ಕ ಮೈನಸ್ 7 ಡಿಬಿ, ಅಂದರೆ ಡೆಸಿಬಲ್. ಮೊದಲ ಅಂಕಿ ಬಹಳ ಮುಖ್ಯ. ಹಳೆಯ ವ್ಯವಸ್ಥೆಗಳಲ್ಲಿ ಅಪ್‌ಸ್ಟ್ರೀಮ್ ಓಡುವುದು 5ರಿಂದ 42 ಅಥವಾ 65 ಮೆಗಾಹರ್ಟ್ಜ್‌ನ ನಡುವೆ. ಡಿಶ್‌ಗೆ ಅಂತ ಮಾಡಿದ ಕೆಲವು ಸ್ಪ್ಲಿಟರ್‌ಗಳು 950ರಿಂದ ಶುರುವಾಗುತ್ತವೆ, ಟಿವಿ ಆಂಪ್ಲಿಫೈಯರ್‌ಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವಂಥವು ಇರುತ್ತವೆ. ಅಂಥದ್ದು ದಾರಿಯಲ್ಲಿದ್ದರೆ ಮೋಡೆಮ್‌ನ ಮಾತು ಮನೆಯಿಂದಾಚೆ ಹೋಗುವುದೇ ಇಲ್ಲ. ನನ್ನದು ಆ ಜಾತಿಯದ್ದಲ್ಲ, ಆದರೆ ಲೆಕ್ಕ ಹಾಕಿ ನೋಡಿ. ನಾಲ್ಕು ದಾರಿಯದ್ದರಲ್ಲಿ 7, ಎರಡು ದಾರಿಯದ್ದರಲ್ಲಿ 3.5, ಒಟ್ಟು ಹತ್ತೂವರೆ ಡೆಸಿಬಲ್ ನಷ್ಟ. 10 ಡೆಸಿಬಲ್ ಅಂದರೆ ಹತ್ತನೇ ಒಂದು ಪಾಲು. ಮನೆ ಬಾಗಿಲಿಗೆ ಬಂದ ಸಿಗ್ನಲ್‌ನ ಒಂಬತ್ತು ಪಾಲಿಗೂ ಜಾಸ್ತಿ, ಯಾರೂ ನೋಡದ ಟಿವಿಗಳ ಹೆಸರಿನಲ್ಲಿ ಹೋಗುತ್ತಿತ್ತು. ಸ್ಪ್ಲಿಟರ್ ಎರಡೂ ದಿಕ್ಕಿನಲ್ಲಿ ಹೀಗೆ ತಿನ್ನುತ್ತದೆ, ಬರುವಾಗಲೂ ಹೋಗುವಾಗಲೂ. 51.5ರಲ್ಲಿ 10.5 ಕಳೆದರೆ 41. ಮೈನಸ್ 12ಕ್ಕೆ 10.5 ಕೂಡಿಸಿದರೆ ಮೈನಸ್ 1.5. ಎರಡೂ ಕಡೆ ಲೆಕ್ಕ ಸರಿಯಾಗಿ ಕೂತಾಗ ಆ ಕಪಾಟಿನ ಮುಂದೆ ನಿಂತು ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಎರಡೂ ಸ್ಪ್ಲಿಟರ್ ತೆಗೆದು, ಒಳಬರುವ ತಂತಿಯನ್ನೂ ಕೋಣೆಗೆ ಹೋಗುವ ತಂತಿಯನ್ನೂ ಒಂದು ಬ್ಯಾರೆಲ್ ಜಾಯಿಂಟ್‌ನಿಂದ ನೇರ ಸೇರಿಸಿದೆ. ಬೆರಳಲ್ಲಿ ತಿರುಗಿಸಿ ಬಿಡಬೇಡಿ, 11 ಎಂಎಂ ಸ್ಪ್ಯಾನರ್‌ನಿಂದ ಇನ್ನೊಂದು ಸ್ವಲ್ಪ ಬಿಗಿ ಮಾಡಬೇಕು, ಹಾಗಂತ ಜೋರು ತೋರಿಸಿದರೆ ಮೋಡೆಮ್‌ನ ಹಿಂದಿನ ಸಾಕೆಟ್ ಕಿತ್ತು ಬರುತ್ತದೆ. ಟಿವಿ ಕೂಡ ಬೇಕಿದ್ದವರು ಮುಂಬಾಗಿಲ ಹತ್ತಿರವೇ ಒಂದೇ ಒಂದು ಎರಡು ದಾರಿಯ ಸ್ಪ್ಲಿಟರ್ ಹಾಕಿ, ಒಂದು ಕಾಲು ಪೂರ್ತಿ ಮೋಡೆಮ್‌ಗೆ ಕೊಟ್ಟು, ಇನ್ನೊಂದನ್ನು ಟಿವಿಗಳಿಗೆ ಹಂಚಿಕೊಳ್ಳಲಿ. ಖಾಲಿ ಬಾಯಿಗಳಿಗೆ 75 ಓಮ್ ಟರ್ಮಿನೇಟರ್ ಮುಚ್ಚಳ ಹಾಕಿ. ಹೊರಗಡೆ ಗೋಡೆಯಲ್ಲಿ ಅರ್ಥ್ ತಂತಿ ಜೋಡಿಸಿದ ಬ್ಲಾಕ್ ಇರುತ್ತದೆ, ಅದನ್ನು ಮಾತ್ರ ಮುಟ್ಟಬೇಡಿ. ಅದು ಇರುವುದು ಸಿಡಿಲಿನಂಥ ಹೊತ್ತಿಗೆ.

ಮೋಡೆಮ್ ಆನ್ ಆಯಿತು. ಅಪ್‌ಸ್ಟ್ರೀಮ್ ನಾಲ್ಕೂ ಚಾನೆಲ್ ಲಾಕ್, 41ರ ಹತ್ತಿರ. ಡೌನ್‌ಸ್ಟ್ರೀಮ್ ಮೈನಸ್ 1, ಮೈನಸ್ 2. ಸ್ಪೀಡ್ ಟೆಸ್ಟ್ ಹಾಕಿದೆ. 94.

ಮತ್ತೆ ಹಾಕಿದೆ, 94. ಬೇರೆ ಸರ್ವರ್, 94. ಲೈನ್ ಕೆಟ್ಟಾಗ ಅಂಕಿ ಕುಣಿಯುತ್ತದೆ, ಹೀಗೆ ಒಂದೇ ಕಡೆ ಅಂಟಿಕೊಂಡು ನಿಲ್ಲುವುದಿಲ್ಲ. 94, 95 ಅನ್ನುವ ಅಂಕಿ ಎಲ್ಲೇ ಕಂಡರೂ ಲ್ಯಾನ್ ಕೇಬಲ್ ನೋಡಿ. 100 ಎಂಬಿಪಿಎಸ್ ಈಥರ್ನೆಟ್‌ನಲ್ಲಿ ಪ್ಯಾಕೆಟ್‌ಗಳ ಮೇಲ್ಖರ್ಚು ಕಳೆದು ಕೈಗೆ ಸಿಗುವುದು ಅಷ್ಟೇ. ಲ್ಯಾನ್ ಕೇಬಲ್‌ನಲ್ಲಿ ಎಂಟು ಎಳೆ, ನಾಲ್ಕು ಜೋಡಿ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. 100ಕ್ಕೆ ಬೇಡದ ಆ ಎರಡು ಜೋಡಿಯಲ್ಲಿ ಒಂದು ಎಳೆ ಕೈಕೊಟ್ಟರೂ ಸಾಮಾನ್ಯವಾಗಿ ಎರಡು ಕಡೆಯ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ, ಎಲ್ಲೂ ದೂರು ಹೇಳುವುದಿಲ್ಲ. ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿದೆ, 100 ಅಂತಲೇ ಇತ್ತು. ಡಬ್ಬದಲ್ಲಿ ಬಂದ ತೆಳ್ಳನೆಯ ಲ್ಯಾನ್ ಕೇಬಲ್‌ನ ಪ್ಲಗ್ ಬೆಳಕಿಗೆ ಹಿಡಿದು ನೋಡಿದರೆ ಪಾರದರ್ಶಕ ಪ್ಲಾಸ್ಟಿಕ್‌ನ ಒಳಗೆ ಕಂದು ಎಳೆಯೊಂದು ತುದಿ ಮುಟ್ಟದೆ ಹಿಂದೆಯೇ ನಿಂತಿದೆ. ಬೇರೆ ಕೇಬಲ್ ಹಾಕಿದೆ, ಲಿಂಕ್ 1000ಕ್ಕೆ ಏರಿತು, ಸ್ಪೀಡ್ 270 ದಾಟಿತು. ಲೈನ್ 40 ಕೊಡುತ್ತಿದ್ದಾಗ ಈ 100ರ ಗೋಡೆ ಇದ್ದರೂ ಕಾಣುವಂತಿರಲಿಲ್ಲ. ಒಂದು ದೋಷ ತೆಗೆದ ಮೇಲೆಯೇ ಇನ್ನೊಂದು ಮುಖ ತೋರಿಸಿತು.

ಆದರೂ ಪಟ್ಟಿಯ ಮಧ್ಯದ ಆ ಕೆಲವು ಸಾಲುಗಳು ನನ್ನನ್ನು ಬಿಡಲಿಲ್ಲ. ಪವರ್ ಎಲ್ಲ ಕಡೆ ಸರಿ ಹೋಗಿತ್ತು, ಆದರೆ 700, 800 ಮೆಗಾಹರ್ಟ್ಜ್ ಸುತ್ತಮುತ್ತಲಿನ ಚಾನೆಲ್‌ಗಳಲ್ಲಿ ಮಾತ್ರ ಎಸ್‌ಎನ್‌ಆರ್ ಇನ್ನೂ ತಗ್ಗಿನಲ್ಲಿತ್ತು, ಅನ್‌ಕರೆಕ್ಟಬಲ್ ಕೂಡ ಅವುಗಳಲ್ಲೇ ಏರುತ್ತಿತ್ತು. ಮೊಬೈಲ್‌ನ 4ಜಿ ಓಡುವ ಕೆಲವು ಬ್ಯಾಂಡ್‌ಗಳು ಸರಿಯಾಗಿ ಅಲ್ಲೇ ಬರುತ್ತವೆ. ಕೇಬಲ್‌ನ ಒಳಗೆ ಅದೇ ಫ್ರೀಕ್ವೆನ್ಸಿಯಲ್ಲಿ ಬೇರೆ ಡೇಟಾ ಹೋಗುತ್ತಿದ್ದರೂ ಹೊದಿಕೆ ಗಟ್ಟಿ ಇದ್ದರೆ ಒಂದಕ್ಕೊಂದು ತಾಗುವುದಿಲ್ಲ. ತಾಗುತ್ತಿದೆ ಅಂದರೆ ಎಲ್ಲೋ ಹೊದಿಕೆ ಬಾಯಿಬಿಟ್ಟಿದೆ. ಫೋನನ್ನು ಗೋಡೆಯ ಸಾಕೆಟ್‌ಗೆ ಹತ್ತಿರ ಹಿಡಿದು ಮೊಬೈಲ್ ಡೇಟಾದಲ್ಲಿ ವಿಡಿಯೋ ಅಪ್‌ಲೋಡ್ ಮಾಡುತ್ತಾ ಪುಟ ರಿಫ್ರೆಶ್ ಮಾಡಿದೆ. ಅಂಕಿ ದಡದಡ ಏರಿತು. ಫೋನ್ ದೂರ ಒಯ್ದರೆ ಏರಿಕೆ ನಿಧಾನ. ದೋಷ ಆ ಗೋಡೆಯ ಹತ್ತಿರವೇ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಈ ಸಲ ಬಂದ ಟೆಕ್ನಿಷಿಯನ್ ಬೇರೆಯವರು. ವಯಸ್ಸಾದವರು, ಮಾತು ಕಮ್ಮಿ. ಬಂದವರೇ ಮೋಡೆಮ್ ಕಡೆ ನೋಡಲೇ ಇಲ್ಲ, ಮೀಟರ್ ತೆಗೆದು ಮೊದಲು ಹೊರಗೆ ಹೋಗಿ ಲೈನ್ ಮನೆಗೆ ಬರುವ ಜಾಗದಲ್ಲಿ ನೋಡಿದರು. 'ಇಲ್ಲಿವರೆಗೆ ಚೆನ್ನಾಗಿದೆ ಸರ್. ಒಳಗೆ ಎಲ್ಲೋ ಹಾಳಾಗ್ತಾ ಇದೆ.' ಆಮೇಲೆ ಕಪಾಟಿನ ಹತ್ತಿರ, ಆಮೇಲೆ ಸಾಕೆಟ್. ಸ್ಪ್ಲಿಟರ್ ತೆಗೆದು ಪಕ್ಕಕ್ಕಿಟ್ಟದ್ದನ್ನು ನೋಡಿ 'ಇದು ಯಾರು ತೆಗೆದಿದ್ದು?' ಅಂದರು. ನಾನೇ ಅಂದೆ. 'ಒಳ್ಳೇದಾಯ್ತು' ಅಂತಷ್ಟೇ ಹೇಳಿ ಪ್ಲೇಟ್ ಬಿಚ್ಚಿದರು.

ಸಾಕೆಟ್ ಹಿಂದಿನ ಕನೆಕ್ಟರ್ ಹಿಡಿದು ಮೆಲ್ಲಗೆ ತಿರುಗಿಸಿದರು. ಅದು ತಂತಿಯ ಮೇಲೆ ಸುತ್ತಲೂ ತಿರುಗಿತು, ಉಂಗುರ ಬೆರಳಲ್ಲಿ ಸಡಿಲವಾಗಿ ತಿರುಗುವಷ್ಟು ಆರಾಮಾಗಿ. ಸ್ವಲ್ಪ ಎಳೆದರು, ಕೈಗೇ ಬಂತು. ಒಳಗೆ ನೋಡಿದರೆ ತಂತಿಯ ಹೊದಿಕೆಯಾದ ಬೆಳ್ಳಿ ಬಣ್ಣದ ಜಾಲರಿಯನ್ನು ಹಿಂದಕ್ಕೆ ಮಡಚುವ ಬದಲು ಅರ್ಧಂಬರ್ಧ ಕತ್ತರಿಸಿ ಹಾಕಿದ್ದಾರೆ, ನಡುವಿನ ತಾಮ್ರದ ತಂತಿ ಕನೆಕ್ಟರ್‌ನ ಅಂಚಿಗೆ ಸಮನಾಗಿ ನಿಂತಿದೆ. ಅದು ಅಂಚಿನಿಂದ ಸುಮಾರು 3 ಎಂಎಂ ಹೊರಗೆ ಇರಬೇಕಂತೆ. ಕಮ್ಮಿಯಾದರೆ ಸಾಕೆಟ್ ಒಳಗೆ ಸರಿಯಾಗಿ ಮುಟ್ಟುವುದಿಲ್ಲ. ವಿಚಿತ್ರ ಅಂದರೆ ಹೀಗೆ ಪೂರ್ತಿ ಮುಟ್ಟದಿದ್ದರೂ ಮೇಲಿನ ಫ್ರೀಕ್ವೆನ್ಸಿಗಳು ಆ ಸಣ್ಣ ಸಂದನ್ನು ಹೇಗೋ ದಾಟಿಬಿಡುತ್ತವೆ, ಕೆಳಗಿನವು ಒದ್ದಾಡುತ್ತವೆ. ಅಪ್‌ಸ್ಟ್ರೀಮ್ ಇರುವುದು ಕೆಳಗೇ. ಅದಕ್ಕೇ ಡೌನ್‌ಲೋಡ್ ಬರುತ್ತಿದೆ, ಲೈಟ್ ಹಸಿರಿದೆ ಅಂತ ಮೇಲ್ನೋಟಕ್ಕೆ ಅನಿಸಿದರೂ ಮಾತು ಆ ಕಡೆಗೆ ಹೋಗುವುದಿಲ್ಲ.

ಅವರು ತಂತಿಯನ್ನು ಒಂದು ಗೇಣು ಹಿಂದೆ ಕತ್ತರಿಸಿ, ಹೊಸದಾಗಿ ಸುಲಿದು, ಜಾಲರಿಯನ್ನು ಒಂದೊಂದೇ ಎಳೆ ಹಿಂದಕ್ಕೆ ಮಡಚಿ, ಬಿಳಿ ಫೋಮ್ ಕನೆಕ್ಟರ್‌ನ ಒಳಗಿನ ಅಂಚಿಗೆ ಸಮ ಬರುವವರೆಗೆ ತಳ್ಳಿ, ಕಂಪ್ರೆಷನ್ ಟೂಲ್‌ನಲ್ಲಿ ಒಂದೇ ಸಲ ಒತ್ತಿದರು. 'ಟಕ್' ಅಂತು. ಕಪಾಟಿನ ಕಡೆಯದ್ದನ್ನೂ ಹಾಗೇ ಹೊಸದು ಮಾಡಿದರು. ಮೊದಲು ಬಂದವರು ಇಕ್ಕಳದಿಂದ ಹಿಚುಕಿ ಕೂರಿಸಿದ್ದರು ಅಂತ ಗುರುತು ನೋಡಿದರೆ ಗೊತ್ತಾಗುತ್ತಿತ್ತು. ಹೋಗುವ ಮೊದಲು ಮೋಡೆಮ್ ಪುಟವನ್ನು ಅವರ ಎದುರಿಗೇ ತೆರೆದೆ. ಎಲ್ಲ ಸಾಲಿನಲ್ಲೂ ಎಸ್‌ಎನ್‌ಆರ್ 38ರ ಮೇಲೆ, ಅನ್‌ಕರೆಕ್ಟಬಲ್ ಸೊನ್ನೆಯಲ್ಲೇ ನಿಂತಿತ್ತು. ಆಮೇಲೆ ಸಹಿ ಹಾಕಿದೆ. ಟೆಕ್ನಿಷಿಯನ್ ಮನೆಯಲ್ಲಿರುವಾಗಲೇ ಈ ಪುಟ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಸ್ಪೀಡ್ ಟೆಸ್ಟ್ ತೋರಿಸಿದರೆ ಬೇಡ ಅನ್ನಬೇಡಿ, ಆದರೆ ಸಹಿ ಹಾಕುವುದು ಪಟ್ಟಿ ನೋಡಿದ ಮೇಲೆ.

ರೂಟರ್ ವಾಪಸ್ ಜೋಡಿಸಿದೆ. ಕಂಪನಿಯ ಡಬ್ಬ ತಾನೂ ರೂಟರ್ ಥರ ವರ್ತಿಸುತ್ತಿದ್ದರೆ ಅದನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ಬರೀ ಮೋಡೆಮ್ ಆಗಿ ಕೆಲಸ ಮಾಡುವಂತೆ ಹಾಕಿಸಿಕೊಳ್ಳಿ, ಎರಡೆರಡು ರೂಟರ್ ಸಾಲಾಗಿ ಬೇಡ. ವೈಫೈಯಲ್ಲಿ ಮಾಡಿದ್ದು ಇಷ್ಟೇ, ಹತ್ತಿರದ ಸಾಧನಗಳನ್ನು 5 ಗಿಗಾಹರ್ಟ್ಜ್‌ಗೆ ಹಾಕಿ, 2.4ನ್ನು ಪಕ್ಕದವರು ಬಳಸದ ಚಾನೆಲ್‌ಗೆ ಸರಿಸಿದೆ. 1, 6, 11 ಈ ಮೂರರಲ್ಲಿ ಒಂದು, ಮಧ್ಯದ ಅಂಕಿಗಳ ಸಹವಾಸ ಬೇಡ.

ಕೊನೆಗೆ ಒಂದು ಉಳಿದಿತ್ತು. ಯಾರಾದರೂ ದೊಡ್ಡ ಫೈಲ್ ಅಪ್‌ಲೋಡ್ ಮಾಡಿದರೆ ಸಾಕು, ಮನೆಯ ಉಳಿದವರ ನೆಟ್ ಕೂಡ ಎಳೆದಾಡುತ್ತಿತ್ತು. ಸುಮ್ನೆ ಇದ್ದಾಗ ಪಿಂಗ್, ಅಂದರೆ ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಹೊತ್ತು, 12 ಮಿಲಿಸೆಕೆಂಡ್, ಅಪ್‌ಲೋಡ್ ಶುರುವಾದರೆ 400ರ ಮೇಲೆ. ಇದು ಲೈನಿನ ದೋಷ ಅಲ್ಲ, ಬಫರ್‌ಬ್ಲೋಟ್ ಅನ್ನುತ್ತಾರೆ. ಕಳಿಸಲಾಗದ ಪ್ಯಾಕೆಟ್‌ಗಳನ್ನು ಮೋಡೆಮ್ ಬಿಸಾಡದೆ ಉದ್ದ ಸರತಿಯಲ್ಲಿ ನಿಲ್ಲಿಸಿಕೊಳ್ಳುತ್ತದೆ, ನಿಮ್ಮ ವಿಡಿಯೋ ಕಾಲ್‌ನ ಪ್ಯಾಕೆಟ್ ಆ ಸರತಿಯ ಕೊನೆಗೆ ಹೋಗಿ ನಿಲ್ಲಬೇಕು. ಡಾಕ್ಸಿಸ್ 3.1 ಮೋಡೆಮ್‌ಗಳಲ್ಲಿ ಇದಕ್ಕೆ ಮದ್ದು ಒಳಗೇ ಇದೆ. ನನ್ನಂತೆ ಹಳೆಯ 3.0 ಇದ್ದವರು ರೂಟರ್‌ನಲ್ಲಿ ಎಸ್‌ಕ್ಯೂಎಂ ಅನ್ನುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಬಹುದು. ಅಪ್‌ಲೋಡ್ ಪ್ಲಾನ್ 20 ಇದ್ದರೆ ಮಿತಿಯನ್ನು 18ಕ್ಕೆ ಇಡಿ. ಸರತಿ ಆಗ ಮೋಡೆಮ್‌ನಲ್ಲಿ ಬೆಳೆಯುವುದಿಲ್ಲ, ರೂಟರ್ ಅದನ್ನು ಬುದ್ಧಿವಂತಿಕೆಯಿಂದ ಹಂಚುತ್ತದೆ. 2 ಎಂಬಿಪಿಎಸ್ ಬಿಟ್ಟುಕೊಟ್ಟು ಪಿಂಗ್ 30ರ ಒಳಗೆ ಬಂತು. ನನಗೆ ಇದು ಲಾಭದ ವ್ಯವಹಾರವೇ.

ಈಗ ಹಗಲಲ್ಲಿ ಪ್ಲಾನ್ ಪೂರ್ತಿ ಬರುತ್ತದೆ. ರಾತ್ರಿ ಎಂಟರಿಂದ ಹತ್ತರವರೆಗೆ 200ರ ಹತ್ತಿರಕ್ಕೆ ಇಳಿಯುತ್ತದೆ, ಆ ಹೊತ್ತಿನಲ್ಲಿ ಪುಟದ ಅಂಕಿಗಳೆಲ್ಲ ಹಗಲಿನಷ್ಟೇ ಚೆನ್ನಾಗಿರುತ್ತವೆ. ಅಂದರೆ ಅದು ನನ್ನ ತಂತಿಯ ತೊಂದರೆ ಅಲ್ಲ. ಒಂದೇ ನೋಡ್‌ನ (ಸುತ್ತಲಿನ ಮನೆಗಳಿಗೆ ಸಿಗ್ನಲ್ ಹಂಚುವ ಕಂಪನಿಯ ಪೆಟ್ಟಿಗೆ) ಮನೆಗಳೆಲ್ಲ ಅದೇ ಚಾನೆಲ್‌ಗಳನ್ನು ಹಂಚಿಕೊಳ್ಳುತ್ತವೆ, ಎಲ್ಲರೂ ಒಟ್ಟಿಗೆ ಕೂತಾಗ ಜಾಗ ಸಾಲುವುದಿಲ್ಲ. ಇದಕ್ಕೆ ಮನೆಯೊಳಗೆ ಮಾಡಬಹುದಾದ್ದು ಏನೂ ಇಲ್ಲ, ಕಂಪನಿಯೇ ನೋಡ್ ಒಡೆಯಬೇಕು ಇಲ್ಲವೇ ಚಾನೆಲ್ ಸೇರಿಸಬೇಕು. ಹಗಲಿನದ್ದು, ರಾತ್ರಿಯದ್ದು ಎರಡೂ ಫೋಟೋ ಸೇರಿಸಿ ದೂರು ಹಾಕಿದ್ದೇನೆ. ಟಿಕೆಟ್ ಇನ್ನೂ ತೆರೆದೇ ಇದೆ.